ನಮ್ಮ ಪಾಡಾ, ನನ್ನ ಕೋಲ್ಕತ್ತ

ಬೆಂಗಳೂರಿನಲ್ಲಿ ಯಾರಾದರೂ ಊರು ಯಾವುದೆಂದು ವಿಚಾರಿಸಿದಾಗ ನಾನು ಕೋಲ್ಕತ್ತ ಎಂದರೆ, ನನ್ನ ಕನ್ನಡವನ್ನು ಕೇಳಿದವರು ಅದನ್ನು ಸುಲಭವಾಗಿ ನಂಬುವುದಿಲ್ಲ. ಹಿರಿಯರದು ಹಾಸನದ ಕಡೆಯಾದರೂ ನಾನು ಹುಟ್ಟಿ ಬೆಳೆದದ್ದು ದಕ್ಷಿಣ ಕೋಲ್ಕತ್ತದ ಲೇಕ್ ಮಾರ್ಕೆಟ್ ಬಳಿ, ದಕ್ಷಿಣದವರ ಮನೆಗಳು ಬಹಳ ಕಾಲದಿಂದ ಇರುವ, ಬಾಳೆಎಲೆ, ಕರಿಬೇವು, ಕಾಫಿಪುಡಿ ಯಾವುದಕ್ಕೂ ಕೊರತೆಯಿಲ್ಲದ ಭಾಗದಲ್ಲಿ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ಬಂಗಾಳಿ.

ಹೊರಗಿನವರಿಗೆ ಈ ನಗರವೆಂದರೆ ಹೌರಾ ಸೇತುವೆ ಮತ್ತು ರಸಗುಲ್ಲ. ನನಗೆ ಅದು ಪಾಡಾ, ಅಂದರೆ ನಮ್ಮ ಕೇರಿ. ಸಂಜೆಯಾದರೆ ಬೀದಿಗೆ ಮುಖಮಾಡಿದ ಜಗಲಿಗಳ ಮೇಲೆ ಅಡ್ಡಾ ಎಂಬ ಹರಟೆಯ ಕೂಟ ಸೇರುತ್ತಿತ್ತು. ಫುಟ್‌ಬಾಲ್ ಪಂದ್ಯದಲ್ಲಿ ಈಸ್ಟ್ ಬೆಂಗಾಲ್ ತಂಡ ಗೆದ್ದ ದಿನ ಇಲಿಶ್ ಮೀನು, ಮೋಹನ್ ಬಗಾನ್ ಗೆದ್ದ ದಿನ ಸಿಗಡಿ ಎಂಬ ಕಟ್ಟುಪಾಡಿನ ಆ ಲೋಕದಲ್ಲಿ, ಮೀನು ಮುಟ್ಟದ ನಮ್ಮ ಮನೆಯವರಿಗೂ ಯಾವುದಾದರೊಂದು ಪಕ್ಷ ಹಿಡಿಯದೆ ಗತ್ಯಂತರವಿರಲಿಲ್ಲ.

ಕರ್ನಾಟಕದಲ್ಲಿ ನವರಾತ್ರಿಯ ನಡುವೆ ಪುಸ್ತಕಗಳನ್ನು ಪೂಜೆಗಿಟ್ಟರೆ, ಬಂಗಾಳದಲ್ಲಿ ಸರಸ್ವತಿಯ ದಿನ ಮಾಘ ಶುದ್ಧ ಪಂಚಮಿ. ಅಮ್ಮ ಎರಡನ್ನೂ ಬಿಡದೆ ನಡೆಸುತ್ತಿದ್ದುದರಿಂದ ಪುಸ್ತಕ ಮುಟ್ಟಬಾರದ ದಿನಗಳು ನಮಗೆ ದುಪ್ಪಟ್ಟು. ಆದರೆ ಸರಸ್ವತಿ ಪೂಜೆ ಮುಗಿಯುವವರೆಗೆ ಎಲಚಿ ಹಣ್ಣು ತಿನ್ನಬಾರದು, ತಿಂದರೆ ಪರೀಕ್ಷೆಯಲ್ಲಿ ನಪಾಸು ಎಂಬ ಬಂಗಾಳಿ ಮಕ್ಕಳ ಭಯವೂ ಅದರ ಜೊತೆಗೇ ಬಂತು. ಇಂದಿಗೂ ಬೆಂಗಳೂರಿನ ಗಾಡಿಯಲ್ಲಿ ಜನವರಿಯ ಎಲಚಿ ಕಂಡರೆ ನನ್ನ ಕೈ ಹಿಂದೆ ಸರಿಯುತ್ತದೆ. ಬರೆಯಬೇಕಾದ ಪರೀಕ್ಷೆಯಂತೂ ಯಾವುದೂ ಉಳಿದಿಲ್ಲ.

ಮಹಾಲಯದ ನಸುಕಿನಲ್ಲಿ ನಾಲ್ಕು ಗಂಟೆಗೆ ಆಕಾಶವಾಣಿಯಲ್ಲಿ ಬೀರೇಂದ್ರಕೃಷ್ಣ ಭದ್ರರ ಚಂಡೀಪಾಠ ಕೇಳದೆ ಅಲ್ಲಿ ದುರ್ಗಾಪೂಜೆಯ ದಿನಗಳು ಆರಂಭವಾಗುವುದಿಲ್ಲ. 1930ರ ದಶಕದಿಂದ ನಡೆದುಬಂದ ಆ ಕಾರ್ಯಕ್ರಮದಲ್ಲಿ 1976ರಲ್ಲಿ ಅವರ ಬದಲು ಜನಪ್ರಿಯ ನಟ ಉತ್ತಮ್ ಕುಮಾರರ ಧ್ವನಿ ಬಳಸಿದಾಗ ಕೇಳುಗರು ಸಿಡಿದೆದ್ದು ಹಳೆಯದನ್ನೇ ಮರಳಿ ತರಿಸಿದರು. ತಾರೆಯರನ್ನು ಅಷ್ಟು ಆರಾಧಿಸುವ ನಗರವೇ ಒಬ್ಬ ಬಾನುಲಿ ಕಲಾವಿದನ ಪರ ನಿಂತಿತೆಂಬುದು ನನಗೆ ಈಗಲೂ ಹೆಮ್ಮೆಯ ವಿಷಯ.

ಕೋಲ್ಕತ್ತದ ದುರ್ಗಾಪೂಜೆ 2021ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ್ದು ಸಂತೋಷವೇ. ಆದರೆ ನಾನು ಬಲ್ಲ ಪೂಜೆ ಆರಂಭವಾಗುತ್ತಿದ್ದುದು ರಸೀದಿ ಪುಸ್ತಕ ಹಿಡಿದು ಬಾಗಿಲಿಗೆ ಬರುತ್ತಿದ್ದ ಕ್ಲಬ್ಬಿನ ಹುಡುಗರಿಂದ. ಅವರು ಬರೆದ ಮೊತ್ತಕ್ಕೆ ಅಪ್ಪ ಕನ್ನಡದಲ್ಲಿ ಗೊಣಗಿ, ಬಂಗಾಳಿಯಲ್ಲಿ ಚೌಕಾಸಿ ಮಾಡಿ, ಕೊನೆಗೆ ಹೆಚ್ಚೂಕಡಿಮೆ ಅಷ್ಟನ್ನೇ ಕೊಡುತ್ತಿದ್ದರು. ಅಷ್ಟಮಿಯ ದಿನ ಉಪವಾಸವಿದ್ದು ಪುಷ್ಪಾಂಜಲಿ ಸಲ್ಲಿಸಿ, ಭೋಗ ಎನ್ನುವ ಪ್ರಸಾದದ ಖಿಚುಡಿಗೆ ಸಾಲಿನಲ್ಲಿ ನಿಂತಾಗ ನಾವು ಯಾರ ಅತಿಥಿಗಳೂ ಆಗಿರಲಿಲ್ಲ. ಬೆಂಗಳೂರಿನಲ್ಲಿಯೂ ಬಂಗಾಳಿಗಳ ಪೂಜೆಗಳು ಅದ್ದೂರಿಯಾಗಿ ನಡೆಯುತ್ತವೆ, ನಾನೂ ತಪ್ಪದೆ ಹೋಗುತ್ತೇನೆ; ಆದರೆ ಇಲ್ಲಿ ನಮ್ಮ ಬಾಗಿಲು ತಟ್ಟಿ ಚಂದಾ ಕೇಳುವವರಿಲ್ಲ, ಕೇಳದ ಮೇಲೆ ಜಗಳವಾಡುವ ಹಕ್ಕೂ ಇಲ್ಲ.