ಬಿಎಂಡಬ್ಲ್ಯು ಬಿಟ್ಟು ಇದನ್ನ ಯಾಕೆ ತಗೊಂಡ್ರಿ?

ಈ ಪ್ರಶ್ನೆಗೆ ಬಾಯಲ್ಲಿ ಉತ್ತರ ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಬರೆದಿಡುತ್ತಿದ್ದೇನೆ.

ನನ್ನ ಕಾರು 2019ರ ಜೆನೆಸಿಸ್ ಜಿ70, 3.3 ಲೀಟರಿನ, ಆರು ಸಿಲಿಂಡರಿನ ವಿ6 ಎಂಜಿನ್. ಜೆನೆಸಿಸ್ ಅಂದರೆ ಹ್ಯುಂಡೈನವರು 2015ರಲ್ಲಿ ಬೇರೆ ಮಾಡಿದ ಲಕ್ಷುರಿ ಬ್ರ್ಯಾಂಡ್. ನಮ್ಮ ಕಡೆಯವರಿಗೆ ಹ್ಯುಂಡೈ ಅಂದ ತಕ್ಷಣ ಸ್ಯಾಂಟ್ರೋ ನೆನಪಾಗುತ್ತದೆ. ತೊಂದರೆ ಶುರುವಾಗುವುದೇ ಅಲ್ಲಿ.

ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಯುಗಾದಿ ಕಾರ್ಯಕ್ರಮವಿತ್ತು. ಡಿಕ್ಕಿಯಿಂದ ಪುಳಿಯೋಗರೆ ಟ್ರೇ ತೆಗೆಯುತ್ತಿದ್ದೆ. ಪರಿಚಯದ ಹಿರಿಯರೊಬ್ಬರು ಬಂದು ಬಾನೆಟ್ ಮೇಲಿನ ರೆಕ್ಕೆಯ ಲೋಗೋವನ್ನು ಬೆರಳಲ್ಲಿ ತಟ್ಟಿದರು. "ಏನಪ್ಪಾ, ಇದು ಹ್ಯುಂಡೈ ಅಲ್ವಾ? ಇನ್ನೊಂಚೂರು ಹಾಕಿದ್ರೆ ಬಿಎಂಡಬ್ಲ್ಯುನೇ ಬರ್ತಿತ್ತಲ್ಲ!"

ಆ "ಇನ್ನೊಂಚೂರು" ನನಗೆ ಇವತ್ತಿಗೂ ಉರಿಯುತ್ತದೆ. ಲೆಕ್ಕ ಹಾಕೋಣ. ನಾನು ಕೊಟ್ಟ ದುಡ್ಡಿಗೆ ಆಗ ಬರುತ್ತಿದ್ದುದು ಬಿಎಂಡಬ್ಲ್ಯು 330ಐ. ನಾಲ್ಕು ಸಿಲಿಂಡರ್, 255 ಎಚ್‌ಪಿ (ಹಾರ್ಸ್‌ಪವರ್, ಅಂದರೆ ಎಂಜಿನ್ನಿನ ಶಕ್ತಿ). ನನ್ನದು 365. ಇದಕ್ಕೆ ಸರಿಜೋಡಿ ಅಂದರೆ ಬಿಎಂಡಬ್ಲ್ಯುದೇ 382 ಎಚ್‌ಪಿಯ ಎಂ340ಐ. ಅದಕ್ಕೆ ಸುಮಾರು 10,000 ಡಾಲರ್ ಜಾಸ್ತಿ. ಇದು ಒಂಚೂರಾ?

ಇನ್ನು ಇದರ ಕೊರತೆಗಳನ್ನು ಯಾರೂ ಕೇಳುವುದೇ ಇಲ್ಲ. ನಾನೇ ಹೇಳುತ್ತೇನೆ. ಡಿಕ್ಕಿ ಬರೀ 10.5 ಘನ ಅಡಿ, ಬಿಎಂಡಬ್ಲ್ಯು 3 ಸೀರೀಸ್‌ನಲ್ಲಿ (330ಐ, ಎಂ340ಐ ಎರಡೂ ಅದರವೇ) 17. ಏರ್‌ಪೋರ್ಟಿಗೆ ಹೋಗಿ ಊರಿಂದ ಬಂದವರ ಸೂಟ್‌ಕೇಸ್ ತುಂಬಿಸಿ ನೋಡಿ, ಗೊತ್ತಾಗುತ್ತದೆ. ಪೆಟ್ರೋಲನ್ನೂ ಎಂ340ಐಗಿಂತ ಜಾಸ್ತಿ ಕುಡಿಯುತ್ತದೆ. ಹಿಂದಿನ ಸೀಟು ಇಕ್ಕಟ್ಟು. ಮನೆ ಮಂದಿಯೆಲ್ಲ ಓಡಾಡಲು ಒಂದೇ ಕಾರು ಅನ್ನುವವರಿಗೆ 3 ಸೀರೀಸೇ ಸರಿ. ಇದನ್ನು ಹೇಳಲು ನನಗೇನೂ ಬೇಜಾರಿಲ್ಲ.

ಆದರೆ ಓಡಿಸಿದರೆ ಹೇಗಿರುತ್ತದೆ ಅಂತ ಒಬ್ಬರಾದರೂ ಕೇಳಬೇಕಲ್ವಾ? ಇದು ಸ್ಪೋರ್ಟ್ಸ್ ಸೆಡಾನ್ ಕಣ್ರೀ!

ಕೇಳಿದ್ದು ಅಪ್ಪ ಒಬ್ಬರೇ. ಹೋದ ಬೇಸಿಗೆಯಲ್ಲಿ ಸಕಲೇಶಪುರದಿಂದ ಬಂದಿದ್ದರು. ಶಿರಾಡಿ ಘಾಟಿಯಲ್ಲಿ ವರ್ಷಗಟ್ಟಲೆ ಅಂಬಾಸಿಡರ್ ಓಡಿಸಿದ ಕೈ ಅವರದು. ಡೆಲವೇರ್ ನದಿಯ ಪಕ್ಕದ 29ನೇ ರಸ್ತೆಯಲ್ಲಿ ಲ್ಯಾಂಬರ್ಟ್‌ವಿಲ್‌ನಿಂದ ಫ್ರೆಂಚ್‌ಟೌನ್ ಕಡೆ ಹೊರಟಿದ್ದೆವು. ಅಮ್ಮನಿಗೆ ಮುಂದಿನ ಸೀಟು ಬಿಟ್ಟುಕೊಟ್ಟು, ಮಂಡಿ ಮಡಚಿಕೊಂಡು ಹಿಂದೆ ಕೂತಿದ್ದರು. ನಾಲ್ಕೈದು ತಿರುವು ಸುಮ್ನಿದ್ದು ಆಮೇಲೆ ಕೇಳಿದರು: "ಇಷ್ಟು ತಿರುವಿಗೂ ಗಾಡಿ ವಾಲ್ತಾ ಇಲ್ವಲ್ಲೋ, ಹೆಂಗೆ?"

ನನಗೆ ಎಷ್ಟು ಖುಷಿಯಾಯಿತು ಅಂದರೆ ಫ್ರೆಂಚ್‌ಟೌನ್ ಬರುವವರೆಗೂ ಬಾಯಿ ಮುಚ್ಚಲಿಲ್ಲ. ಬಿಎಂಡಬ್ಲ್ಯುನಲ್ಲಿ ವೇಗದ ಕಾರುಗಳಿಗೇ ಇರುವ ಎಂ ವಿಭಾಗದ ಕಾರುಗಳನ್ನು ಪಳಗಿಸುತ್ತಿದ್ದ ಆಲ್ಬರ್ಟ್ ಬೀರ್ಮನ್ 2015ರಲ್ಲಿ ಹ್ಯುಂಡೈ ಸೇರಿದ್ದು. ಕೊರಿಯಾದ ಕಾರುಗಳನ್ನು ಜರ್ಮನಿಯ ನ್ಯೂರ್ಬರ್ಗ್‌ರಿಂಗ್ ರೇಸ್ ಟ್ರ್ಯಾಕಿನಲ್ಲಿ ಸುತ್ತಿಸಿ ಸುತ್ತಿಸಿ ಸರಿಮಾಡಿದ್ದು. ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ಬಿಗಿಯಾಗಿರುವುದು. ತಿರುವಿನಲ್ಲಿ ಒಳಗಡೆಯ ಚಕ್ರಕ್ಕೆ ಕಾರೇ ತುಸು ಬ್ರೇಕ್ ಹಾಕಿ ಮೂತಿಯನ್ನು ಒಳಕ್ಕೆ ತಿರುಗಿಸಿಕೊಳ್ಳುವುದು. ಎಲ್ಲ ಹೇಳಿದೆ. ಅಮ್ಮ ನಿದ್ದೆ ಹೋಗಿದ್ದರು.

ಫ್ರೆಂಚ್‌ಟೌನ್‌ನಲ್ಲಿ ಕಾಫಿ ಕುಡಿದು ವಾಪಸ್ ಹೊರಡುವಾಗ ಅಪ್ಪ ಮಂಡಿ ಉಜ್ಜಿಕೊಳ್ಳುತ್ತಾ ಅಮ್ಮನಿಗೆ ಅಂದರು: "ಈ ಸಲ ನೀನು ಹಿಂದೆ ಕೂತ್ಕೋ. ನಾನು ಸ್ಟೀರಿಂಗ್ ನೋಡ್ಬೇಕು."