ಕೈ ತೆಗೆದ ಮೇಲೆ ಬರುತ್ತಿದ್ದ ಸುದ್ದಿ

ಜನವರಿ 19, 2025, ಭಾನುವಾರ ರಾತ್ರಿ

ಭಾವ ಊಟಕ್ಕೆ ಬಂದಿದ್ದರು. ಸಾರನ್ನ ಮುಗಿಯುವಷ್ಟರಲ್ಲಿ ನನ್ನ ಫೋನ್ ಏಳು ಸಲ ಟಿಂಗ್ ಅಂದಿತು. ರೇಗಿ ಮಗುಚಿಟ್ಟೆ.

"ಪಾಯಿಂಟ್‌ಕಾಸ್ಟ್ ಅಂತ ಇತ್ತು, ಗೊತ್ತಾ ನಿನಗೆ?" ಅಂದರು ಭಾವ. ಕಂಪ್ಯೂಟರಿಗೆ ತಾನಾಗೇ ಸುದ್ದಿ ತಂದುಕೊಡುವ ಸಾಫ್ಟ್‌ವೇರ್, 1996ರಲ್ಲಿ ಬಂದದ್ದಂತೆ. ಆಗ ಅವರು ಅಮೆರಿಕದ ಸ್ಯಾನ್ ಹೋಸೆಯಲ್ಲಿದ್ದರು, ಆಫೀಸಿನ ನೆಟ್‌ವರ್ಕ್ ನೋಡಿಕೊಳ್ಳುವ ಕೆಲಸ.

ಕೀಬೋರ್ಡಿನಿಂದ ಕೈ ತೆಗೆದು ಸ್ವಲ್ಪ ಹೊತ್ತಾದರೆ ಸಾಕು, ಸ್ಕ್ರೀನ್ ಸೇವರ್ ಜಾಗದಲ್ಲಿ ಸುದ್ದಿ ಶುರುವಾಗುತ್ತಿತ್ತು. ಕೆಳಗೆ ಷೇರು ಬೆಲೆಯ ಸಾಲು ಹರಿಯುತ್ತಲೇ ಇರುತ್ತಿತ್ತು. ಹವಾಮಾನ, ಆಟದ ಸ್ಕೋರು, ಮೂಲೆಯಲ್ಲಿ ಕುಣಿಯುವ ಜಾಹೀರಾತು. ಜಾಹೀರಾತಿನ ದುಡ್ಡು ಇದ್ದದ್ದರಿಂದ ಜನರಿಗೆ ಪುಕ್ಕಟೆ. "ಕಾಫಿ ತಗೊಂಡು ಬರೋಷ್ಟರಲ್ಲಿ ನನ್ನ ಟೇಬಲ್ ಮುಂದೆ ಇಬ್ಬರು ನಿಂತು ಓದ್ತಿರ್ತಿದ್ದರು ಕಣೋ."

ಮಜ್ಜಿಗೆ ಬಡಿಸುವಾಗ ಇನ್ನೊಂದು ಹೇಳಿದರು. "ಸುದ್ದಿನ ಅವರೇ ನಮ್ಮ ಕಡೆ ತಳ್ತಾರೆ, ಪುಶ್ ಪುಶ್ ಅಂತ ಎಲ್ಲರೂ ಕುಣಿದರಲ್ಲ, ಅದು ಪುಶ್ಶೇ ಅಲ್ಲ. ಆ ಕಡೆಯಿಂದ ಯಾರೂ ತಳ್ತಿರಲಿಲ್ಲ. ನಮ್ಮ ಕಂಪ್ಯೂಟರೇ ಆಗಾಗ ಹೋಗಿ, ಹೊಸದೇನಾದ್ರೂ ಇದೆಯಾ ಅಂತ ಕೇಳಿ ಹೊತ್ಕೊಂಡು ಬರ್ತಿತ್ತು."

ಒಂದು ಆಫೀಸಲ್ಲಿ ಐನೂರು ಕಂಪ್ಯೂಟರ್ ಇದ್ದರೆ ಅದೇ ಸುದ್ದಿಗೆ ಐನೂರು ಓಡಾಟ. ಒಂದೇ ಬೀದಿಯವರೆಲ್ಲ ಅದೇ ಪೇಪರ್ ತರೋಕೆ ಬೇರೆ ಬೇರೆ ಆಟೋ ಹಿಡಿದ ಹಾಗೆ, ಅಲ್ವಾ? ಆಗ ಆಫೀಸುಗಳಿಗಿದ್ದ ಟಿ1 ಅನ್ನೋ ಇಂಟರ್ನೆಟ್ ಲೈನ್ ಅಂದರೆ ಸೆಕೆಂಡಿಗೆ 1.5 ಮೆಗಾಬಿಟ್, ಇಡೀ ಆಫೀಸಿಗೆ ಸೇರಿ. ಎಷ್ಟೋ ಕಂಪನಿಗಳು ಪಾಯಿಂಟ್‌ಕಾಸ್ಟನ್ನೇ ಬಂದ್ ಮಾಡಿಸಿದವು. ಆಫೀಸಿಗೆ ಒಂದೇ ಪ್ರತಿ ತಂದಿಡುವ ಸರ್ವರನ್ನೂ ಪಾಯಿಂಟ್‌ಕಾಸ್ಟ್‌ನವರು ಮಾಡಿದರು. 1997ರಲ್ಲಿ ನ್ಯೂಸ್ ಕಾರ್ಪ್ ಅನ್ನೋ ದೊಡ್ಡ ಮಾಧ್ಯಮ ಕಂಪನಿ ಪಾಯಿಂಟ್‌ಕಾಸ್ಟನ್ನು 45 ಕೋಟಿ ಡಾಲರ್‌ಗೆ ಕೇಳಿತ್ತು, ವ್ಯಾಪಾರ ಕುದುರಲಿಲ್ಲ. ಅದೇ ವರ್ಷ ಮೈಕ್ರೋಸಾಫ್ಟ್ ತನ್ನ ಬ್ರೌಸರ್ ಎಕ್ಸ್‌ಪ್ಲೋರರ್ 4ರಲ್ಲೇ ಇಂಥದೇ ಚಾನೆಲ್‌ಗಳನ್ನು ಕೂರಿಸಿತು. 1999ರಲ್ಲಿ ಪಾಯಿಂಟ್‌ಕಾಸ್ಟ್ ಮಾರಾಟವಾದದ್ದು ಸುಮಾರು 70 ಲಕ್ಷ ಡಾಲರ್‌ಗೆ. ಪಾಪ ಅನ್ನಿಸಿತು.

ಭಾವ ಹೋಗಿ ಒಂದು ಗಂಟೆಯಾಯಿತು. ನನ್ನ ತಲೆಯಲ್ಲಿ ಕೂತಿರುವುದು ಆ ದುಡ್ಡಿನ ಲೆಕ್ಕ ಅಲ್ಲ. ಕೀಬೋರ್ಡಿನಿಂದ ಕೈ ತೆಗೆಯುವ ತನಕ ಪಾಯಿಂಟ್‌ಕಾಸ್ಟ್ ಸುಮ್ನೆ ಇರುತ್ತಿತ್ತು ಅನ್ನೋದು. ಕೆಲಸ ಮಾಡುವವನನ್ನು ಮುಟ್ಟುತ್ತಿರಲಿಲ್ಲ. ಮೌಸ್ ಅಲುಗಿದರೆ ಪಕ್ಕಕ್ಕೆ ಸರಿಯುತ್ತಿತ್ತು. ಅಷ್ಟು ಮರ್ಯಾದೆ ಈಗಿನ ಫೋನಿಗೆ ಯಾಕೆ ಬರಲಿಲ್ಲ? ಬಾಯಿಗೆ ತುತ್ತು ಇಡುವಾಗಲೂ ಬೇಕಾ ಆ ಟಿಂಗ್?

ಎಲ್ಲ ಆಪ್‌ಗಳ ಬಾಯಿ ಮುಚ್ಚಿಸೋಣ ಅಂತ ಫೋನ್ ಎತ್ತಿಕೊಂಡೆ. ಆದರೆ ಮಗಳು ಹುಬ್ಬಳ್ಳಿ ಬಸ್ ಹತ್ತಿದ ಮೇಲೆ ಮೆಸೇಜ್ ಹಾಕುತ್ತೇನೆ ಅಂದಿದ್ದಳು. ಹತ್ತೂವರೆಯ ಬಸ್ಸು, ಈಗ ಹತ್ತೂ ಐವತ್ತು. ಅದೊಂದು ಬರುವ ತನಕ