ಪೆಪ್ಟೈಡ್ ಸುರುಳಿ ಬಿಚ್ಚುವುದನ್ನು ನೋಡುವ ಪ್ರಾಜೆಕ್ಟ್: ಮೂರನೇ ವಾರ

ಸೋಮವಾರ

ಹೋದ ವಾರ ಇನ್‌ಫ್ರಾರೆಡ್ ಸ್ಪೆಕ್ಟ್ರಮ್‌ನಲ್ಲಿ (ಯಾವ ಬಂಧ ಯಾವ ಇನ್‌ಫ್ರಾರೆಡ್ ಬೆಳಕು ಹೀರುತ್ತದೆ ಅಂತ ತೋರಿಸುವ ಗೆರೆ) 1673ರಲ್ಲಿ ಎದ್ದಿದ್ದ ಪೀಕ್ ಏನು ಅಂತ ಕೊನೆಗೂ ಗೊತ್ತಾಯಿತು. ಪೀಕ್‌ಗಳ ಈ ಸಂಖ್ಯೆ ಅಂದರೆ ಒಂದು ಸೆಂಟಿಮೀಟರ್‌ನಲ್ಲಿ ಬೆಳಕಿನ ಎಷ್ಟು ಅಲೆ ಅನ್ನುವ ಲೆಕ್ಕ. ನನ್ನ ಪೆಪ್ಟೈಡ್ 20 ಅಮೈನೋ ಆಮ್ಲಗಳ ಚಿಕ್ಕ ಸರ: ನಾಲ್ಕು ಅಲನಿನ್, ಒಂದು ಲೈಸಿನ್, ಇದೇ ಗುಂಪು ನಾಲ್ಕು ಸಲ. ಆ ಪೀಕ್ ನೋಡಿ ಸರ ಎಲ್ಲೋ ತಿರುವು ತಗೊಂಡಿದೆ ಅಂತ ನೋಟ್‌ಬುಕ್‌ನಲ್ಲಿ ಬರೆದೂ ಬಿಟ್ಟಿದ್ದೆ. ಇವತ್ತು ಒಣ ಪುಡಿಯನ್ನೇ ಎಟಿಆರ್‌ನ (ಪುಡಿಯನ್ನು ನೇರವಾಗಿ ಅಳೆಯುವ ಇನ್‌ಫ್ರಾರೆಡ್ ಸಾಧನ) ವಜ್ರದ ಮೇಲೆ ಒತ್ತಿ ನೋಡಿದೆ. 1200ರ ಹತ್ತಿರ ಒಂದು, 1135ರ ಹತ್ತಿರ ಇನ್ನೊಂದು ಪೀಕ್. ಕಾರ್ಬನ್-ಫ್ಲೋರಿನ್ ಬಂಧದ ಗುರುತು! ಪೆಪ್ಟೈಡ್ ಶುದ್ಧ ಮಾಡುವಾಗ ಬಳಸಿದ ಟಿಎಫ್‌ಎ (ಟ್ರೈಫ್ಲೋರೋಅಸಿಟಿಕ್) ಆಮ್ಲ ಲೈಸಿನ್‌ಗಳನ್ನು ಹಿಡಿದುಕೊಂಡೇ ಬಂದಿದೆ. 1673 ಅದರದೇ.

ಗುರುವಾರ

ಟಿಎಫ್‌ಎ ಓಡಿಸಲು ಪೆಪ್ಟೈಡನ್ನು ತೆಳು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗಿಸಿ, ಹೆಪ್ಪುಗಟ್ಟಿಸಿ ಒಣಗಿಸಿದೆ. ಹೀಗೆ ಮೂರು ಸಲ. ಆಮೇಲೆ ಭಾರಜಲದಲ್ಲಿ (ಭಾರವಾದ ಹೈಡ್ರೋಜನ್ ಇರುವ ನೀರು) ಎರಡು ಸಲ. ಕೊನೆಗೆ ಸೀಸೆಯ ತಳದಲ್ಲಿ ಉಳಿದದ್ದು ಹತ್ತಿಯಂಥ ಬಿಳಿ ಎಳೆ, ಉಸಿರು ತಾಗಿದರೂ ಹಾರುತ್ತದೆ. ಮಾಮೂಲಿ ನೀರು 1645ರಲ್ಲಿ ತಾನೇ ಬೆಳಕು ಹೀರುತ್ತದೆ, ನಾವು ನೋಡಬೇಕಾದ ಅಮೈಡ್ ಒನ್ ಪಟ್ಟಿ (ಸರದ ಕಾರ್ಬೊನಿಲ್, ಅಂದರೆ C=O ಬಂಧಗಳ ಕಂಪನ) ಇರುವುದೂ ಅಲ್ಲೇ. ಭಾರಜಲ ಬಳಸಿದರೆ ಆ ಅಡ್ಡಿ 1210ರ ಕಡೆ ಸರಿಯುತ್ತದೆ.

ಶನಿವಾರ

ಬೆಳಗ್ಗೆಯಿಂದ ಸಂಜೆವರೆಗೂ ಬಿಸಿ ಮಾಡುತ್ತಾ ಕೂತೆ. ಎರಡು ಕ್ಯಾಲ್ಸಿಯಂ ಫ್ಲೋರೈಡ್ ಕಿಟಕಿ, ನಡುವೆ 50 ಮೈಕ್ರಾನ್ ಸಂದು. ಭಾರಜಲ 3.8 ಡಿಗ್ರಿಗೇ ಹೆಪ್ಪುಗಟ್ಟುತ್ತದೆ, ಅದಕ್ಕೇ 5ರಿಂದ ಶುರು ಮಾಡಿ 75ರವರೆಗೆ ಹೋದೆ. ಪ್ರತಿ ಹೆಜ್ಜೆಗೂ ಹತ್ತು ನಿಮಿಷ ಕಾಯಬೇಕು. ಬರೀ ಭಾರಜಲದ ಅಳತೆಯನ್ನೂ ಅದೇ ತಾಪದಲ್ಲಿ ತಗೊಳ್ಳಬೇಕು, ಇಲ್ಲದಿದ್ದರೆ ಕಳೆಯುವಾಗ ಗೆರೆ ಓರೆಯಾಗುತ್ತದೆ.

1673 ಪೂರ್ತಿ ಹೋಗಿದೆ. ತಣ್ಣಗಿರುವಾಗ ಪೀಕ್ 1632ರಲ್ಲಿತ್ತು. ದೊಡ್ಡ ಪ್ರೋಟೀನ್‌ಗಳಲ್ಲಿ ಹೆಲಿಕ್ಸ್ (ಸುರುಳಿ) ಅಂದರೆ 1650ರ ಆಸುಪಾಸು, ಅಲ್ವಾ? ಇಲ್ಲಿ ಅಲನಿನ್‌ನ ಪಕ್ಕದ ಗುಂಪು ತೀರಾ ಚಿಕ್ಕದು, ಸುರುಳಿಗೆ ಮರೆಯೇ ಇಲ್ಲ. ಒಳಗಿನ ಹೈಡ್ರೋಜನ್ ಬಂಧದ ಜೊತೆಗೆ ಹೊರಗಿನ ನೀರೂ ಕಾರ್ಬೊನಿಲ್ ಅನ್ನು ಹಿಡಿಯುತ್ತದೆ, ಕಂಪನ ನಿಧಾನವಾಗುತ್ತದೆ. ಬಿಸಿ ಏರಿದಂತೆ 1632 ಕುಗ್ಗಿತು, 1645ರ ಕಡೆ ಏರಿತು. ಸುರುಳಿ ಬಿಚ್ಚುತ್ತಿದೆ! ಮತ್ತೆ 5 ಡಿಗ್ರಿಗೆ ಇಳಿಸಿದಾಗ ಹಳೇ ಗೆರೆಯ ಮೇಲೇ ಹೊಸದು ಕೂತಿತು. ಅದನ್ನು ನೋಡುತ್ತಾ ತುಂಬಾ ಹೊತ್ತು ಸುಮ್ನೆ ಕೂತಿದ್ದೆ.

ಮೊದಲು ಸಡಿಲವಾಗುವುದು ತುದಿಯೋ ನಡುವೋ ಅಂತ ಈ ಒಂದು ಪೀಕ್ ಹೇಳುವುದಿಲ್ಲ. ತುದಿಯ ಎರಡು ಅಲನಿನ್‌ಗಳಲ್ಲಿ ಕಾರ್ಬನ್-13 (ಸ್ವಲ್ಪ ಭಾರವಾದ ಕಾರ್ಬನ್) ಇಟ್ಟರೆ ಅವುಗಳ ಪೀಕ್ ಸುಮಾರು 40 ಕೆಳಗೆ ಜಾರಿ ಬೇರೆಯಾಗಿ ಕಾಣುತ್ತದೆ. ಅಂಥದ್ದೊಂದು ಪೆಪ್ಟೈಡ್‌ಗೆ ನಿನ್ನೆ ಆರ್ಡರ್ ಹಾಕಿದ್ದೇನೆ.